ಇಳಿಸಿದ ಕಾರಣವನ್ನೂ ಬರೆಯಿರಿ

ಅರೆಗಲ್ಲುದೊಡ್ಡಿ,
ಮರಳವಾಡಿ ಹೋಬಳಿ.
ಭಾನುವಾರ, ಜೂನ್ ೭

ಪ್ರೀತಿಯ ತಮ್ಮ ಅಶ್ವಥ್‌ಗೆ,

ನಿನ್ನ ಅಕ್ಕ ರಾಧಾಮಣಿಯ ಆಶೀರ್ವಾದಗಳು. ಹೇಗಿದ್ದೀಯಪ್ಪ? ನೀನಿರುವ ಕಡೆ ಜೂನ್ ಬಂದರೂ ಹಿಮ ಪೂರ್ತಿ ಕರಗಿಲ್ಲ ಅಂತ ಜ್ಯೋತಿಲಕ್ಷ್ಮಿ ಹೇಳಿದಳು. ಕಾಲ್ಬೆರಳಿನ ಊತ ಇಳಿಯಿತೆ? ಅಮ್ಮ ಕಟ್ಟಿಕೊಟ್ಟ ಹರಳೆಣ್ಣೆಯನ್ನು ನಾಚಿಕೆ ಬಿಟ್ಟು ಹಚ್ಚಿಕೋ. ವಾಸನೆ ಅಂತ ಜೊತೆಯವರು ನಗುತ್ತಾರಂತೆ, ನಗಲಿ. ಹವಾಲ್ದಾರನ ಕಾಲು ನೆಟ್ಟಗಿದ್ದರೆ ತಾನೇ ಅವರಿಗೂ ಧೈರ್ಯ. ಇಲ್ಲಿ ನಾವೆಲ್ಲ ಕ್ಷೇಮ. ಮೋಡ ಕಂಡರೆ ಅಮ್ಮನಿಗೆ ಮಂಡಿನೋವು ಜೋರು, ಬಾಯಿ ಅದಕ್ಕಿಂತ ಜೋರು. ನಿನ್ನ ಭಾವನ ರೇಷ್ಮೆಗೂಡು ಈ ಸಲ ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೇ ರೇಟಿಗೆ ಹೋಯಿತು, ಅವರ ಮುಖದಲ್ಲಿ ನಗು ಕಂಡು ಬಹಳ ದಿನವಾಗಿತ್ತು. ರಾಗಿಗೆ ಹೊಲ ಹದವಾಗಿದೆ. ನೀನಿದ್ದಿದ್ದರೆ ಟ್ರ್ಯಾಕ್ಟರ್ ಏರಿ ಕೂತು ಇಳಿಯುತ್ತಲೇ ಇರಲಿಲ್ಲ.

ಹೋದ ವಾರ ಫೋನಿನಲ್ಲಿ ನೀನೊಂದು ಮಾತು ಅಂದೆ. "ಸೋತಿದ್ದು ಸೋತಾಯ್ತಲ್ಲಕ್ಕ, ಇನ್ನು ಮಾವನ್ ಜೊತೆ ರಾಜಿ ಆಗ್ಬುಡು." ನಾನು ಬಾಯಿ ತೆಗೆಯುವಷ್ಟರಲ್ಲಿ ಲೈನು ಕಟ್ಟಾಯಿತು. ಕಟ್ಟಾಗಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನೀನು ಬರೀ ಬೈಗುಳ ಕೇಳಿ ಮಲಗುತ್ತಿದ್ದೆ. ನಿನಗೆ ಈ ಸಂಗತಿ ಗೊತ್ತಿರುವುದು ಅಮ್ಮ ಅಳುತ್ತಾ ಹೇಳಿದಷ್ಟು ಮಾತ್ರ: ಅಕ್ಕನನ್ನು ಪಂಚಾಯ್ತಿ ಅಧ್ಯಕ್ಷಗಿರಿಯಿಂದ ಇಳಿಸಿದರು, ಇಳಿಸಿದ್ದು ನಿನ್ನ ಹೆಂಡತಿ ಜ್ಯೋತಿಲಕ್ಷ್ಮಿಯ ಅಪ್ಪ ನಟರಾಜು. ಅದು ನಿಜ. ಆದರೆ ನಡೆದದ್ದು ಅಷ್ಟೇ ಅಲ್ಲ. ನಾನು ಕನಕಪುರದಲ್ಲಿ ಬಿ.ಎ. ಓದುವಾಗ ಜಗಲಿಯ ಮೇಲೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ ಗ್ರೀಕರ ಪಾಠ ನೆನಪಿದೆಯೇ? ನೀನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ನಿನಗೆ ಸ್ಪಾರ್ಟದವರೆಂದರೆ ಪ್ರಾಣ. ಕೆಂಪು ಬಟ್ಟೆ, ದೊಡ್ಡ ಗುರಾಣಿ, ಹಿಂದಕ್ಕೆ ಹೆಜ್ಜೆಯಿಡದ ಗಂಡಸರು. ನೀನು ಸೈನ್ಯ ಸೇರಿದ್ದರಲ್ಲಿ ಅವರ ಕೈವಾಡವೂ ಒಂದಿಷ್ಟಿದೆ ಅಂತ ನನಗೆ ಅನುಮಾನ. ಸ್ಪಾರ್ಟ ಅಥೆನ್ಸನ್ನು ಸೋಲಿಸಿ ಇಡೀ ಗ್ರೀಸಿಗೆ ಯಜಮಾನನಾದಲ್ಲಿಗೆ ನೀನು ಎದ್ದು ವಾಲಿಬಾಲ್ ಆಡಲು ಹೋದೆ. ಮುಂದಿನ ಪಾಠವನ್ನು ಕೇಳಲೇ ಇಲ್ಲ. ಅದನ್ನು ಇವತ್ತು ಹೇಳುತ್ತೇನೆ, ಇಲ್ಲಿ ನಡೆದದ್ದನ್ನೂ ಹೇಳುತ್ತೇನೆ.

ನಮ್ಮ ಪಂಚಾಯ್ತಿಯಲ್ಲಿ ನಿನ್ನ ಮಾವನ ಮಾತು ಹೇಗೆ ನಡೆಯುತ್ತಿತ್ತು ಅಂತ ನಿನಗೆ ಗೊತ್ತು. ಯಾವ ಬೀದಿಗೆ ನಲ್ಲಿ, ಯಾರ ಕಂಬಕ್ಕೆ ದೀಪ, ಎಲ್ಲವೂ ಅವರ ಕ್ವಾರಿಯ ಆಫೀಸಿನಲ್ಲಿ ತೀರ್ಮಾನವಾಗಿ ಬರುತ್ತಿತ್ತು. ಅಧ್ಯಕ್ಷರ ಸ್ಥಾನ ಮಹಿಳೆಗೆ ಮೀಸಲಾದಾಗ ನನ್ನನ್ನು ಕೂರಿಸಿದ್ದೂ ಅವರೇ. ನಮ್ಮ ಮನೆಗೆ ಬಂದು ಅಮ್ಮನ ಎದುರಿಗೇ ಹೇಳಿದರು: "ರಾಧಾಮಣಿ ಮೇಷ್ಟ್ರು, ಸೈನು ಚಂದಾಗೈತೆ. ಹಾಕ್ಕೊಂಡ್ ಕುಂತಿರ್ಲಿ, ಮಿಕ್ಕಿದ್ದು ನಾವ್ ನೋಡ್ಕತೀವಿ." ಬೀಗರಲ್ಲವೇ, ಅಮ್ಮ ಹಿಗ್ಗಿಹೋದಳು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು, ಊರಿಗೆ ಏನಾದರೂ ಮಾಡಬಹುದು ಅಂತ ನಾನೂ ಒಪ್ಪಿದೆ.

ಈಗ ನೀನು ಕೇಳದೆ ಹೋದ ಪಾಠ. ಸ್ಪಾರ್ಟದವರು ಥೀಬ್ಸ್ ಎಂಬ ಊರಿನ ಕೋಟೆಯನ್ನು ಮೋಸದಿಂದ ಹಿಡಿದು ತಮ್ಮ ಪಡೆಯನ್ನು ಕೂರಿಸಿದ್ದರು. ಆ ಊರಿನಲ್ಲಿ ಎಪಾಮಿನೊಂಡಾಸ್ ಅಂತ ಒಬ್ಬ ಬಡವ ಇದ್ದ, ಹೆಚ್ಚು ಮಾತಿಲ್ಲದ ಮನುಷ್ಯ. ಪುಸ್ತಕ ಓದಿಕೊಂಡಿರುವವನು ಏನು ಮಾಡಿಯಾನು ಅಂತ ಸ್ಪಾರ್ಟದವರು ಅವನ ತಂಟೆಗೇ ಹೋಗಲಿಲ್ಲ. ಥೀಬ್ಸ್ ಜನ ಒಂದು ದಿನ ಆ ಪಡೆಯನ್ನು ಓಡಿಸಿದರು. ಕೆಲವು ವರ್ಷದ ಮೇಲೆ ಸ್ಪಾರ್ಟದಲ್ಲಿ ಶಾಂತಿಸಭೆ ಸೇರಿತು. ಎಲ್ಲ ಊರಿನವರೂ ಸ್ಪಾರ್ಟದ ದೊರೆ ಅಜಿಸಿಲಾಸನ ಮುಖ ನೋಡಿಕೊಂಡು ಮಾತಾಡುತ್ತಿದ್ದಾಗ ಈ ಬಡವ ಒಬ್ಬನೇ ಎದ್ದು ನಿಂತ. ದೊರೆ ಕೇಳಿದ, ನಿಮ್ಮ ಸುತ್ತಲ ಊರುಗಳನ್ನು ಸ್ವತಂತ್ರವಾಗಿ ಬಿಡುತ್ತೀರೋ ಇಲ್ಲವೋ? ಇವನು ತಿರುಗಿ ಕೇಳಿದ, ನಿಮ್ಮ ಸುತ್ತಲ ಊರುಗಳನ್ನು ನೀವು ಬಿಡುತ್ತೀರೋ? ದೊರೆಗೆ ಸಿಟ್ಟು ನೆತ್ತಿಗೇರಿ, ಒಪ್ಪಂದದಿಂದ ಥೀಬ್ಸಿನ ಹೆಸರನ್ನೇ ಹೊಡೆದುಹಾಕಿದ.

ನಾನೂ ಒಂದು ಪ್ರಶ್ನೆ ಕೇಳಿದೆ ಅಶ್ವಥ್, ಎಲ್ಲಾ ಶುರುವಾದದ್ದು ಅಲ್ಲಿಂದ. ಬಂಡೆಯಡಿ ಹಟ್ಟಿಯವರನ್ನು ನೀನು ಬಲ್ಲೆ. ಅಜ್ಜನ ಕಾಲದಿಂದ ಕ್ವಾರಿಯಲ್ಲಿ ಕಲ್ಲು ಒಡೆಯುವ ಜನ. ಅವರ ಮನೆಗಳಿರುವುದು ಸರ್ಕಾರದ ಜಾಗದಲ್ಲಿ. ಆದರೆ ಅದು ಕ್ವಾರಿಯವರ ಜಾಗವೆಂದೇ ಅವರನ್ನು ನಂಬಿಸಲಾಗಿತ್ತು. ಕೂಲಿ ಜಾಸ್ತಿ ಕೇಳಿದವನಿಗೆ "ಗುಡ್ಲು ಕಿತ್ಕೊಂಡ್ ಹೊಂಟೋಗ್ಲಾ" ಅನ್ನುತ್ತಿದ್ದರು. ವೋಟಿನ ದಿನವೂ ಅದೇ ಮಾತು. ಒಂದು ಸಲ ನಿನ್ನ ಮಾವನ ಮನೆಯ ಪಡಸಾಲೆಯಲ್ಲಿ ಮೆಂಬರುಗಳೆಲ್ಲ ಸೇರಿದ್ದರು. "ಹಟ್ಟಿಯೋರ ತಂಟೆ ನಿಂಗ್ಯಾಕಮ್ಮ, ಅವ್ರು ನಮ್ಮ ಜನ," ಅಂದರು ನಿನ್ನ ಮಾವ. ನಾನು ಕೇಳಿದೆ, "ನಿಮ್ಮ ಜನ ಅಂದ್ರೆ ನಿಮ್ಮ ಜಗಲಿ ಮೇಲೆ ಯಾಕೆ ಕೂರಲ್ಲ ಮಾವ?" ಜ್ಯೋತಿಲಕ್ಷ್ಮಿ ಅವತ್ತು ತವರಿನಲ್ಲಿದ್ದಳು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನ ಮಾವ ಕಾಫಿ ಕುಡಿಯದೆ ಎದ್ದುಹೋದರು. ಆ ತಿಂಗಳೇ ನನ್ನ ಮೇಲೆ ಅವಿಶ್ವಾಸದ ನೋಟಿಸ್ ಬಂತು.

ನೋಟಿಸ್ ಬಂದ ಅಧ್ಯಕ್ಷೆ ತೆಪ್ಪಗೆ ಮನೆಯಲ್ಲಿರುವುದು ವಾಡಿಕೆಯಂತೆ. ನಾನು ಇರಲಿಲ್ಲ. ಹಟ್ಟಿಯ ಮನೆಗಳಿಗೆ ಹಕ್ಕುಪತ್ರ ಸಿಗಬೇಕಾದರೆ ಗ್ರಾಮಸಭೆಯ ಠರಾವು ಬೇಕಿತ್ತು. ನಾನು ಇಳಿದ ಮೇಲೆ ಅದನ್ನು ಮಾಡುವವರು ಯಾರೂ ಇರಲಿಲ್ಲ. ತಮಟೆ ಹೊಡೆಸಿ, ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಕರೆದೆ. ಮೆಂಬರುಗಳಲ್ಲಿ ಬಂದವರು ಇಬ್ಬರೇ, ಹಟ್ಟಿಯಿಂದ ಗೆದ್ದ ಅಂಕಮ್ಮ ಮತ್ತು ರೇಷ್ಮೆಗೂಡಿನ ವ್ಯಾಪಾರದ ಕರೀಂ ಸಾಹೇಬರು. "ಅಕ್ಕಾ, ಇದ್ ಮಾಡುದ್ರೆ ನಿಮ್ಮನ್ ಬಿಡಾಕಿಲ್ಲ ಅವ್ರು," ಅಂದರು ಕರೀಂ ಸಾಹೇಬರು. "ಮಾಡದಿದ್ದರೂ ಬಿಡಲ್ಲ, ಕೂತ್ಕೊಳ್ಳಿ," ಅಂದೆ. ಅವರು ನಕ್ಕು ಮುಂದಿನ ಸಾಲಿನಲ್ಲೇ ಕೂತರು. ಹಟ್ಟಿಯ ಹೆಂಗಸರು ಕಲ್ಲಿನ ಧೂಳು ಮೆತ್ತಿದ ಸೀರೆಯಲ್ಲೇ ಬಂದು ತುಂಬಿಕೊಂಡರು. ಠರಾವು ಆಯಿತು, ಅವತ್ತೇ ತಾಲ್ಲೂಕು ಕಚೇರಿಗೂ ತಲುಪಿತು.

ಆ ಸಭೆ ಮುಗಿಸಿ ಮನೆಗೆ ನಡೆದು ಬರುವಾಗ ನನಗೆ ಎಪಾಮಿನೊಂಡಾಸನೇ ನೆನಪಾದ. ಶಾಂತಿಸಭೆ ಮುರಿದ ಕೆಲವೇ ದಿನಕ್ಕೆ ಸ್ಪಾರ್ಟದ ಸೈನ್ಯ ಲ್ಯೂಕ್ಟ್ರ ಎಂಬ ಬಯಲಿಗೆ ಬಂತು. ಬಲಶಾಲಿಗಳನ್ನು ಬಲಗಡೆ ನಿಲ್ಲಿಸುವುದು ಗ್ರೀಕರ ಪದ್ಧತಿ. ಇವನು ತಿರುಗುಮುರುಗು ಮಾಡಿದ. ತನ್ನ ಗಟ್ಟಿ ಪಡೆಯನ್ನೆಲ್ಲ ಎಡಗಡೆಗೆ ತಂದು, ಸಾಲಿನ ಹಿಂದೆ ಸಾಲಾಗಿ ಒತ್ತಿ ನಿಲ್ಲಿಸಿ, ಸ್ಪಾರ್ಟದ ಇಬ್ಬರು ದೊರೆಗಳಲ್ಲಿ ಯುದ್ಧಕ್ಕೆ ಬಂದಿದ್ದ ಇನ್ನೊಬ್ಬ ನಿಂತ ಜಾಗಕ್ಕೇ ನೇರ ನುಗ್ಗಿಸಿದ. ಆ ದೊರೆ ಬಿದ್ದ. ಸೋಲೇ ಇಲ್ಲವೆಂದಿದ್ದ ನಿನ್ನ ಕೆಂಪು ಬಟ್ಟೆಯವರು ಬಯಲಲ್ಲಿ ಸೋತರು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಸ್ಪಾರ್ಟದ ನೆಲಕ್ಕೇ ಸೈನ್ಯ ಒಯ್ದ. ಶತ್ರುವಿನ ಬೀಡಿನ ಹೊಗೆಯನ್ನೇ ಕಾಣದಿದ್ದ ಆ ಊರಿನ ಹೆಂಗಸರು ಅದನ್ನು ಮೊದಲ ಸಲ ಕಂಡರು. ಆದರೆ ನನಗೆ ದೊಡ್ಡದು ಕಾಣುವುದು ಅದರ ಮುಂದಿನದು. ಸ್ಪಾರ್ಟದವರು ಹಗಲೆಲ್ಲ ಕತ್ತಿವರಸೆ ಆಡುತ್ತಿದ್ದರಲ್ಲ, ಅವರಿಗೆ ಅನ್ನ ಎಲ್ಲಿಂದ ಬರುತ್ತಿತ್ತು ಅಂತ ನೀನು ಯಾವತ್ತಾದರೂ ಕೇಳಿದೆಯಾ? ಪಕ್ಕದ ಮೆಸ್ಸೀನಿಯಾದ ಜನರನ್ನು ತಲೆಮಾರುಗಟ್ಟಲೆ ಜೀತಕ್ಕಿಟ್ಟು ಹೊಲದಲ್ಲಿ ದುಡಿಸುತ್ತಿದ್ದರು. ಎಪಾಮಿನೊಂಡಾಸ್ ಆ ಜೀತದವರನ್ನು ಬಿಡಿಸಿದ. ದೇಶಾಂತರ ಹೋಗಿದ್ದವರನ್ನು ಕರೆಸಿದ. ಅವರದೇ ಊರು ಕಟ್ಟಿಸಿ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದ. ಅಷ್ಟರಲ್ಲಿ ಅವನ ದಳಪತಿಯ ಅವಧಿ ಮುಗಿದುಹೋಗಿತ್ತು. ಅವಧಿ ಮೀರಿ ಪಡೆ ನಡೆಸಿದವನಿಗೆ ಅವರ ಕಾನೂನಿನಲ್ಲಿ ಮರಣದಂಡನೆ. ಗೆದ್ದು ಊರಿಗೆ ಬಂದವನನ್ನು ಹಿಡಿದು ನ್ಯಾಯಸ್ಥಾನದಲ್ಲಿ ನಿಲ್ಲಿಸಿದರು. ಅವನು ತಪ್ಪಿಸಿಕೊಳ್ಳಲು ಒಂದು ಮಾತೂ ಆಡಲಿಲ್ಲ. ಕೊಲ್ಲಿ, ಆದರೆ ಗೋರಿಯ ಮೇಲೆ ಕಾರಣವನ್ನೂ ಕೆತ್ತಿಸಿ, ಅಂದ. ಥೀಬ್ಸಿನವರು ಕಣ್ಣೆತ್ತಿ ನೋಡಲೂ ಹೆದರುತ್ತಿದ್ದ ಸ್ಪಾರ್ಟದವರನ್ನು ಅದೇ ಥೀಬ್ಸಿನವರ ಕೈಯಲ್ಲಿ ಸೋಲಿಸಿದ್ದಕ್ಕೆ, ಮೆಸ್ಸೀನಿಯಾವನ್ನು ಬಿಡಿಸಿದ್ದಕ್ಕೆ ಇವನನ್ನು ಕೊಂದೆವು ಅಂತ. ನ್ಯಾಯಾಧೀಶರು ನಕ್ಕು, ತೀರ್ಪನ್ನೇ ಕೊಡದೆ ಎದ್ದುಹೋದರಂತೆ.

ನನ್ನ ಅವಿಶ್ವಾಸದ ಸಭೆಯಲ್ಲಿ ಯಾರೂ ನಗಲಿಲ್ಲ ಕಣೋ. ರಾಮನಗರದಿಂದ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಬಂದು ಮಧ್ಯದಲ್ಲಿ ಕೂತರು. ಒಬ್ಬೊಬ್ಬ ಮೆಂಬರೂ ಎದ್ದು, ಅಧ್ಯಕ್ಷೆ ಯಾರ ಮಾತೂ ಕೇಳುವುದಿಲ್ಲ, ನೋಟಿಸ್ ಬಂದ ಮೇಲೂ ಗ್ರಾಮಸಭೆ ನಡೆಸಿದ್ದಾರೆ ಅಂತ ಒಪ್ಪಿಸಿದರು. ನಿನ್ನ ಮಾವ ಮೆಂಬರಲ್ಲ, ಹೊರಗೆ ಕಾರಿನಲ್ಲಿದ್ದರು. ಒಳಗಿದ್ದವರೆಲ್ಲ ಮಾತು ಮರೆತಾಗ ಕಿಟಕಿಯತ್ತ ನೋಡುತ್ತಿದ್ದರು. ಸಾಹೇಬರು ನನ್ನನ್ನು ಕೇಳಿದರು, "ನೀವೇನಾದರೂ ಹೇಳುವುದಿದೆಯೇ?" ನಾನು ಎದ್ದು ನಿಂತೆ. ಪಾಠ ಮಾಡುವ ದನಿಯೇ ಬಂತು. "ಅವರು ಹೇಳಿದ್ದೆಲ್ಲ ನಿಜ ಸಾರ್, ಇಳಿಸಲಿ. ಇಳಿಸಿದ ಕಾರಣವನ್ನೂ ಬರೆಯಿರಿ. ಬಂಡೆಯಡಿ ಹಟ್ಟಿಯ ಮನೆಗಳು ಹಟ್ಟಿಯವರವೇ ಅಂತ ಠರಾವು ಮಾಡಿದ್ದಕ್ಕೆ ಅರೆಗಲ್ಲುದೊಡ್ಡಿಯ ಮೆಂಬರುಗಳು ರಾಧಾಮಣಿಯನ್ನು ಇಳಿಸಿದರು ಅಂತ ಬರೆಯಿರಿ. ಆಮೇಲೆ ಕೈ ಎತ್ತಿ." ಒಬ್ಬ ಮೆಂಬರು, "ಅದ್ಯಾಕ್ ಸಾ ಬರೀಬೇಕು?" ಅಂದ. ಸಾಹೇಬರು ನಡವಳಿ ಬರೆಯುವವರ ಕಡೆ ತಿರುಗಿ, "ಅವರ ಹೇಳಿಕೆ, ಬರ್ಕೊಳ್ರಿ," ಅಂದರು. ಬರೆದರು, ಓದಿ ಹೇಳಿದರು. ಆಮೇಲೆ ಕೈಗಳು ಎದ್ದವು, ಒಂದೊಂದಾಗಿ, ತಲೆ ತಗ್ಗಿಸಿಕೊಂಡು. ಕರೀಂ ಸಾಹೇಬರು ಎರಡೂ ಕೈ ಕಟ್ಟಿ ಕೂತಿದ್ದರು. ಅಂಕಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಬೇಕಾದಷ್ಟು ಕೈ ಎದ್ದಿದ್ದವು, ನಾನು ಇಳಿದೆ.

ಹೊರಗೆ ಬಂದರೆ ಹಟ್ಟಿಯವರು ಬಿಸಿಲಲ್ಲಿ ನಿಂತಿದ್ದರು. ಕಲ್ಲುಕುಟಿಗ ಹುಚ್ಚಯ್ಯಜ್ಜ ಮುಂದೆ ಬಂದು, "ಕುರ್ಚಿ ಅವ್ರೇ ಮಡೀಕಳ್ಲಿ ಕಣವ್ವ, ಮನೆ ನಮ್ದಾಯ್ತದಲ್ಲ?" ಅಂದ. ಅಲ್ಲಿಯವರೆಗೂ ತಡೆದಿದ್ದ ಅಳು ಆಗ ಬಂತು. ಹೊಸದಾಗಿ ಕೂತವರು ಠರಾವನ್ನು ರದ್ದು ಮಾಡಲು ನೋಡಿದರು. ಹಟ್ಟಿಯವರು ಬಸ್ಸು ಹತ್ತಿ ತಾಲ್ಲೂಕು ಕಚೇರಿಯ ಮುಂದೆ ಹೋಗಿ ಕೂತರು, ಕೆಲಸ ಬಿಟ್ಟು, ಮುದ್ದೆ ಕಟ್ಟಿಕೊಂಡು. ನಾನೂ ಜೊತೆಗೆ ಕೂತೆ. ಅಮ್ಮ ನಾಚಿಕೆಯೆಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಯುಗಾದಿ ಕಳೆದ ಮೇಲೆ ಹಕ್ಕುಪತ್ರಗಳು ಬಂದವು. ಆ ವಾರವೇ ಕ್ವಾರಿಯ ಮೇಸ್ತ್ರಿ ಹಟ್ಟಿಗೆ ಹೋಗಿ, ಕೆಲಸಕ್ಕೆ ಬರದವರು ಗುಡಿಸಲು ಖಾಲಿ ಮಾಡಿ ಅಂತ ಕೂಗಾಡಿದನಂತೆ. ಅಂಕಮ್ಮ ಹೊಸ್ತಿಲ ಮೇಲೆ ನಿಂತು, "ಇದು ನನ್ ಮನೆ. ಕೂಲಿ ಜಾಸ್ತಿ ಮಾಡಿ, ಬತ್ತೀವಿ," ಅಂದಳಂತೆ. ಕ್ವಾರಿ ಮಿಷನ್ನು ನಾಲ್ಕು ದಿನ ನಿಂತಿತ್ತು. ಐದನೇ ದಿನ ಕೂಲಿ ಹೆಚ್ಚಾಯಿತು.

ಈಗ ಹೇಳು, ಸೋತವರು ಯಾರು? ಥೀಬ್ಸ್ ಕೂಡ ಬಹಳ ಕಾಲ ಬಾಳಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಎಪಾಮಿನೊಂಡಾಸ್ ಮುಂದಿನ ಯುದ್ಧವೊಂದರಲ್ಲಿ ಈಟಿ ತಾಗಿ ಸತ್ತ. ಅವನ ಊರಿನಲ್ಲಿ ಒತ್ತೆಯಾಳಾಗಿ ಬೆಳೆದ ಫಿಲಿಪ್ ಎಂಬ ಮ್ಯಾಸಿಡೋನಿಯಾದ ಹುಡುಗ ಅಲ್ಲೇ ಯುದ್ಧ ಕಲಿತು, ಮುಂದೆ ಥೀಬ್ಸನ್ನೂ ಅಥೆನ್ಸನ್ನೂ ಒಟ್ಟಿಗೆ ಮಣಿಸಿದ. ಅಧಿಕಾರ ಯಾರ ಮನೆಯಲ್ಲೂ ಮೊಳೆ ಹೊಡೆದುಕೊಂಡು ಕೂರುವುದಿಲ್ಲ. ಆದರೆ ಮೆಸ್ಸೀನಿಯಾದವರು ಮತ್ತೆ ಸ್ಪಾರ್ಟದ ಜೀತಕ್ಕೆ ಹೋಗಲಿಲ್ಲ. ಅವನು ಎಬ್ಬಿಸಿದ ಊರಿನ ಗೋಡೆ ಇವತ್ತಿಗೂ ನಿಂತಿದೆಯಂತೆ. ನಿನ್ನ ಮಾವನ ಮೇಲೆ ನನಗೆ ಹಗೆಯಿಲ್ಲ. ಹಬ್ಬಕ್ಕೆ ಬಂದರೆ ಎಲೆ ಹಾಕಿ ಬಡಿಸುತ್ತೇನೆ, ಒಬ್ಬಟ್ಟಿಗೆ ತುಪ್ಪವನ್ನೂ ಹಾಕುತ್ತೇನೆ. ರಾಜಿ ಮಾತ್ರ ಆಗುವುದಿಲ್ಲ. ರಾಜಿ ಅಂದರೆ ಹಟ್ಟಿಯವರ ಬಾಗಿಲಿಗೆ ನಾನೇ ಹೋಗಿ, ಹಳೆಯ ಹಾಗೆಯೇ ಇರಿ ಅಂತ ಹೇಳುವುದು. ಅದು ನನ್ನ ಬಾಯಲ್ಲಿ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಸಾಕ್ಸಿನಲ್ಲಿ ಮಲಗಬೇಡ. ಅಮ್ಮ ನಿನ್ನ ತಲೆ ಸವರಿದೆ ಅಂತ ಬರೆಯಲು ಹೇಳಿದ್ದಾಳೆ. ನಿನ್ನ ಭಾವ ನಿನ್ನ ಕ್ಷೇಮ ಕೇಳಿದ್ದಾರೆ. ಮನೆದೇವರು ನಿನ್ನನ್ನೂ ನಿನ್ನ ಜೊತೆಯ ಆ ಎಲ್ಲ ಮಕ್ಕಳನ್ನೂ ಕಾಯಲಿ.

ನಿನ್ನ ಅಕ್ಕ,
ರಾಧಾಮಣಿ

ಮರೆತಿದ್ದೆ: ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡು ಈ ಸಲ ಸಾಮಾನ್ಯ, ಇನ್ನು ಗಂಡಸರದು ಅನ್ನುತ್ತಿದ್ದಾರೆ. ನಿನ್ನ ಮಾವ ತಾವೇ ನಿಂತಿದ್ದಾರೆ. ನಿನ್ನೆ ನಾನೂ ನಾಮಪತ್ರ ಹಾಕಿದೆ. ಸೂಚಕರಾಗಿ ಸಹಿ ಮಾಡಲು ಹೆದರಿ ಒಬ್ಬೊಬ್ಬರೂ ಜಾರಿಕೊಂಡರು. ಕೊನೆಗೆ ಸಹಿ ಹಾಕಿದ್ದು ಜ್ಯೋತಿಲಕ್ಷ್ಮಿ. ನಾನು ಕೇಳಿರಲಿಲ್ಲ, ದೇವರಾಣೆ. ಅವಳೇ ಮಗುವನ್ನು ಅಮ್ಮನ ಕೈಗೆ ಕೊಟ್ಟು, "ಎಲ್ ಹಾಕ್ಬೇಕು ಅತ್ತಿಗೆ, ತೋರ್ಸಿ" ಅಂತ ಬಂದಳು. ಅವಳ ಅಪ್ಪ ನಾಮಪತ್ರ ಕೊಡುವ ಅದೇ ಕೋಣೆಯಲ್ಲಿ ನೋಡುತ್ತಾ ಕೂತಿದ್ದರು. ಅವರು ನಿನಗೆ ಫೋನ್ ಮಾಡೇ ಮಾಡುತ್ತಾರೆ. ನನ್ನನ್ನು ಎಷ್ಟು ಬೇಕಾದರೂ ಬೈದುಕೋ. ನಿನ್ನ ಹೆಂಡತಿಯನ್ನು ಒಂದು ಮಾತೂ ಅನ್ನಬೇಡ. ಬೇರೆ ಯಾರಿಗಿಂತಲೂ ಮೊದಲು ನೀನೇ ಫೋನ್ ಮಾಡಿ, ಒಳ್ಳೇ ಕೆಲಸ ಮಾಡಿದೆ ಅಂತ ಹೇಳು.