ಪುಡಿ ಮಾಡಿದ ಮಾತ್ರೆ

ಹೋಮ್ ನರ್ಸಿಂಗ್ ಕಚೇರಿಯ ಮೇಲ್ವಿಚಾರಕಿಯವರಿಗೆ ನಮಸ್ಕಾರ.

ಕಾಲೇಜಿನಲ್ಲಿ ಕಲಿತಂತೆ ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದ್ದೆ. ಮುಂದಿನ ಇಂಗ್ಲಿಷ್ ಕೈಕೊಟ್ಟಿತು, ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಹೆಂಡತಿ ತೀರಿಕೊಂಡಾಗ ರಕ್ತದಲ್ಲಿ ನೋವಿನ ಔಷಧಿ ವಿಪರೀತ ಇತ್ತೆಂದು, ಮನೆಗೆ ಬರುತ್ತಿದ್ದ ಸಿಸ್ಟರನ್ನು ನೀವು ಕೆಲಸದಿಂದ ತೆಗೆದಿದ್ದೀರಂತೆ. ತಪ್ಪು ಆಕೆಯದಲ್ಲ.

ಆಕೆ ಬೆಳಿಗ್ಗೆ ಬಂದು ಮಾತ್ರೆಗಳನ್ನು ಡಬ್ಬಿಯ ಖಾನೆಗಳಲ್ಲಿ ಹೊತ್ತಿಗೆ ಸರಿಯಾಗಿ ಜೋಡಿಸಿಟ್ಟು ಹೋಗುತ್ತಿದ್ದಳು. “ಅಂಕಲ್, ಇದು ಹನ್ನೆರಡು ಗಂಟೆ ಹೊತ್ತು ನಿಧಾನಕ್ಕೆ ಕರಗೋ ನೋವಿನ ಮಾತ್ರೆ, ಪುಡಿ ಮಾಡ್ಬೇಡಿ, ಔಷಧಿಯೆಲ್ಲಾ ಒಂದೇ ಸಲ ರಕ್ತಕ್ಕೆ ಸೇರಿಬಿಡುತ್ತೆ. ಆಂಟಿಗೆ ನುಂಗೋಕಾಗ್ದಿದ್ರೆ ನಂಗೆ ಫೋನ್ ಮಾಡಿ” ಎಂದೂ ಹೇಳಿದ್ದಳು. ಪೊಟ್ಟಣದ ಮೇಲೆ ‘ಡು ನಾಟ್ ಕ್ರಶ್’ ಎಂದಿತ್ತು. ಓದಿದ್ದೆ, ಅರ್ಥವೂ ಆಗಿತ್ತು.

ಅವತ್ತು ಮಾತ್ರೆ ಗಂಟಲಲ್ಲಿ ಸಿಕ್ಕಿ ಇವಳು ಕೆಮ್ಮಿ ಕೆಮ್ಮಿ ಸುಸ್ತಾಗಿ ಉಗಿದುಬಿಟ್ಟಳು. ಮತ್ತೆ ಮತ್ತೆ ಫೋನ್ ಮಾಡಿದರೆ ಸಿಸ್ಟರ್ ಏನಂದುಕೊಂಡಾಳೋ ಎಂಬ ಸಂಕೋಚ ನನಗೆ. ಎರಡು ಚಮಚಗಳ ನಡುವೆ ಅದನ್ನೇ ಅರೆದು, ಜೇನಿನಲ್ಲಿ ಕಲಸಿ ಕೊಟ್ಟೆ. “ಇಷ್ಟು ದಿನ ಎಲ್ಲಿತ್ರೀ ಈ ಬುದ್ಧಿ? ಸಲೀಸಾಗಿ ಇಳೀತು ನೋಡಿ” ಎಂದು ನಕ್ಕಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ನಿಮ್ಮ ಕಚೇರಿಯಿಂದ ಬಂದವರು “ಡಬ್ಬಿ ತುಂಬಿದ್ದು ಯಾರು?” ಎಂದಷ್ಟೇ ಕೇಳಿದರು. ಸಿಸ್ಟರ್ ಎಂದೆ. ಅದು ಸುಳ್ಳಾಗಿರಲಿಲ್ಲ.

ದಯವಿಟ್ಟು ಆಕೆಯನ್ನು ವಾಪಸ್ ಕರೆಸಿಕೊಳ್ಳಿ. ಈ ಪತ್ರವನ್ನು ಪೊಲೀಸರಿಗೆ ಬೇಕಾದರೂ ತೋರಿಸಿ. ಚಮಚಗಳನ್ನು ತೊಳೆದಿಲ್ಲ, ಹಾಗೇ ಇಟ್ಟಿದ್ದೇನೆ. ಇನ್ನು ಮುಂದೆ ಇಂಥ ಮನೆಗೆ ಹೋದವರು, ಮಾತ್ರೆಯನ್ನು ಬಾಯಿಗೆ ಹಾಕಿದ್ದು ಯಾರು, ಹೇಗೆ ಎಂದೂ ಕೇಳಲಿ. ಕೇಳದಿದ್ದರೆ ನನ್ನಂಥವರು ಹೇಳುವುದಿಲ್ಲ.

ಇಂತಿ,
ತೀರಿಕೊಂಡವಳ ಗಂಡ