ನಶ್ಯದ ಡಬ್ಬಿಯ ಬಿಳಿ ಪುಡಿ

ಡಾಕ್ಟರಮ್ಮನವರಿಗೆ ಬೆನ್ನುನೋವಿನ ಬಡಗಿಯ ನಮಸ್ಕಾರ.

ಆ ಬಲವಾದ ನೋವಿನ ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿಕೊಳ್ಳಿ ಎಂದಿದ್ದಿರಿ. ಬಡಗಿಯ ಬುದ್ಧಿ ನೋಡಿ, ದಿನವೂ ಅರದಲ್ಲಿ ಉಜ್ಜಿ ಸಣ್ಣದು ಮಾಡಿದೆ. ಉದುರಿದ ಪುಡಿಯನ್ನು ಎಸೆಯಲು ಮನಸ್ಸಾಗಲಿಲ್ಲ. ನೋವು ತಡೆಯಲಾಗದ ದಿನಕ್ಕಿರಲಿ ಎಂದು ಅಪ್ಪನ ಹಳೇ ನಶ್ಯದ ಡಬ್ಬಿಯಲ್ಲಿ ತುಂಬಿಟ್ಟೆ.

ಇವತ್ತು ಬೆಳಿಗ್ಗೆ ಕಣ್ಣು ಮಂಜಾದ ಅಪ್ಪ ಅದನ್ನೇ ಮೂಗಿಗೇರಿಸಿದ್ದಾರೆ. ಉಸಿರು ನಿಂತೇಹೋಗುತ್ತಿತ್ತು. ಆಸ್ಪತ್ರೆಯವರು ಉಳಿಸಿಕೊಟ್ಟರು. ಎಚ್ಚರವಾದವರೇ, “ಒಂದು ಸೀನೂ ಬರಲಿಲ್ಲವಲ್ಲೋ, ಅದೆಂಥ ನಶ್ಯವೋ?” ಎಂದರು. ನರ್ಸಮ್ಮ ನಕ್ಕರು. ನಾನು ಅವರ ಮಂಚದ ಪಕ್ಕದಲ್ಲೇ ಕೂತು ಈ ಪತ್ರ ಬರೆಯುತ್ತಿದ್ದೇನೆ.

ಇನ್ನು ಮಾತ್ರೆಯನ್ನು ನನ್ನ ಕೈಗೆ ಕೊಡಬೇಡಿ. ನೀವು ಹೇಳಿದಷ್ಟನ್ನು ನನ್ನ ಹೆಂಡತಿಯೇ ಕೊಡಲಿ. ಬೆನ್ನು ಈಗಲೂ ಸೀಳುತ್ತಿದೆ. ನಾಳೆ ನಾನೇ ಬಂದು ಹೆಚ್ಚಿಗೆ ಬೇಡಿದರೆ, ಈ ಪತ್ರ ತೋರಿಸಿ ವಾಪಸ್ ಕಳಿಸಿಬಿಡಿ.

ಇಂತಿ,
ನಿಮ್ಮ ಮೇಜು ಮಾಡಿಕೊಟ್ಟವನು