ನಿಧಾನವಾಗಿ ತಿರುಗಿದ ಪ್ಲೇಟು

ದೊಮ್ಮಲೂರು
೧೮ ಜುಲೈ ೨೦೦೪, ಭಾನುವಾರ

ಪ್ರೀತಿಯ ತನು,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನಗೆ ಗುರುತು ಸಿಕ್ಕಿರುತ್ತದೆ. ಒಡೆಯದೆ ನಾಲ್ಕು ದಿನ ಪಕ್ಕಕ್ಕಿಟ್ಟಿದ್ದರೂ ನಿನ್ನ ತಪ್ಪಿಲ್ಲ. ಹದಿಮೂರು ವರ್ಷ ಒಂದು ಸಾಲು ಬರೆಯದವಳು ಈಗ ಕ್ಷೇಮವೇ ಎಂದು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೂ ಕೇಳುತ್ತೇನೆ, ಹೇಗಿದ್ದೀಯ? ನಾಗಪುರದ ಬಿಸಿಲು ಒಗ್ಗಿತೇ?

ನಾವು ಚೆನ್ನಾಗಿದ್ದೇವೆ. ಹತ್ತಿರದಲ್ಲೇ ಫ್ಲೈಓವರ್ ಕಟ್ಟುತ್ತಿದ್ದಾರೆ. ಅಮ್ಮ ಮೂರು ಹೊತ್ತೂ ಧೂಳು ಗುಡಿಸುತ್ತಾಳೆ, ಮೂರು ಹೊತ್ತೂ ಬೈಯುತ್ತಾಳೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ನಾನು ಹೈಸ್ಕೂಲು ಮಕ್ಕಳಿಗೆ ಗಣಿತದ ಪಾಠ ಹೇಳುತ್ತೇನೆ. ಪೋಲಿಯೊ ಬಂದ ಎಡಗಾಲು ವಯಸ್ಸಾದಂತೆ ಹಟ ಜಾಸ್ತಿ ಮಾಡುತ್ತಿದೆ, ಅಷ್ಟೇ.

ಕಳೆದ ತಿಂಗಳು ನಿಮ್ಮಮ್ಮ ಬಂದಿದ್ದರು. ಇನ್ಶೂರೆನ್ಸ್ ಕಾಲೊನಿಯ ಮನೆ ಖಾಲಿ ಮಾಡಿ ಬಾಣಸವಾಡಿಗೆ, ನಿನ್ನ ತಮ್ಮ ಕಶ್ಯಪನ ಮನೆಗೆ ಹೋಗುತ್ತಿದ್ದಾರಂತಲ್ಲ. ಅಟ್ಟದಲ್ಲಿ ಸಿಕ್ಕಿತೆಂದು ಒಂದು ಹಾಡಿನ ಪ್ಲೇಟು ತಂದುಕೊಟ್ಟರು. "ಕವರ್ ಹಿಂದ್ಗಡೆ ನಿಮ್ಮಿಬ್ರ ಹೆಸರೂ ಬರ್ದಿದೆ ಕಣಮ್ಮ, ಎಸೆಯೋಕೆ ಮನಸ್ಸಾಗ್ಲಿಲ್ಲ" ಅಂದರು. ನಾನು ಬೇಡವೆನ್ನುವ ಮೊದಲೇ ಮೇಜಿನ ಮೇಲಿಟ್ಟು ಕಾಫಿಯನ್ನೂ ಕುಡಿಯದೆ ಹೊರಟರು.

ಅದೇ ಪ್ಲೇಟು, ತನು. ತೊಂಬತ್ತೊಂದರಲ್ಲಿ, ಡಿಗ್ರಿ ಎರಡನೇ ವರ್ಷದಲ್ಲಿ, ಶಿವಾಜಿನಗರದ ಅಹ್ಮದ್ ಪಾಷಾ ಅವರ ಹಳೇ ಪ್ಲೇಟಿನ ಅಂಗಡಿಯಿಂದ ನೀನು ತಂದದ್ದು. ಇಂಗ್ಲೆಂಡಿನ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೇ ಸೇರಿ ಕೀಬೋರ್ಡಿನಲ್ಲೇ ಎಲ್ಲಾ ವಾದ್ಯ ನುಡಿಸಿ ಮಾಡಿದ ಡ್ಯಾನ್ಸ್ ಹಾಡು. ಇಷ್ಟಗಲ ಪ್ಲೇಟಿಗೆ ಒಂದು ಬದಿಗೆ ಒಂದೇ ಹಾಡೇ ಎಂದು ನಾನು ನಕ್ಕಿದ್ದೆ. ನಿಮ್ಮಪ್ಪ ಆಫೀಸಿನಿಂದ ಬರುವ ಮೊದಲು, ಅವರು ಕಛೇರಿ ಸಂಗೀತ ಕೇಳುವ ಪ್ಲೇಯರಿನಲ್ಲಿ ನಾವದನ್ನು ಹಾಕುತ್ತಿದ್ದೆವು. ಮುಳ್ಳಿಡುವುದು ಯಾವಾಗಲೂ ನೀನೇ. ನನ್ನನ್ನು ಪ್ಲೇಯರ್ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪನ ಭಯವಿರಬೇಕು ಎಂದುಕೊಂಡಿದ್ದೆ.

ಆ ಹಾಡಿನಲ್ಲಿ ಗಂಡಸಿನ ದಪ್ಪ ದನಿ ಗುಹೆಯೊಳಗಿಂದ ಬಂದ ಹಾಗೆ ಬರುತ್ತಿತ್ತು. ತಾಳದ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ನಾನು ಎಡಗಾಲನ್ನು ಎಳೆದು ತಂದು ಊರುವಷ್ಟು ಸಮಯ ಸಿಗುತ್ತಿತ್ತು. ಅಲ್ಲಿಯವರೆಗೆ ನನ್ನನ್ನು ಯಾರೂ ಕುಣಿಯಲು ಕರೆದಿರಲಿಲ್ಲ. ಮದುವೆ ಮನೆಗಳಲ್ಲಿ ನನ್ನದು ಚಪ್ಪಲಿ, ಚೀಲ ಕಾಯುವ ಕೆಲಸ. ನೀನು ನನ್ನ ಎರಡೂ ಕೈ ಹಿಡಿದು ಹಿಂದಕ್ಕೆ ನಡೆದಾಗ, ನಾನು ಬೀಳಲಿಲ್ಲ. ಅವತ್ತು ಮನೆಗೆ ಹೋಗಿ ಕನ್ನಡಿಯ ಮುಂದೆ ಒಬ್ಬಳೇ ಮತ್ತೆ ಕುಣಿದಿದ್ದೆ. ಇದನ್ನು ನಿನಗೂ ಹೇಳಿರಲಿಲ್ಲ.

ಆಮೇಲೆ ಕಾಲೇಜ್ ಡೇ ಬಂತು. ನಾನೇ ಮುಂದೆ ಬಿದ್ದು ನಮ್ಮಿಬ್ಬರ ಹೆಸರು ಕೊಡೋಣ, ಇದೇ ಪ್ಲೇಟು ಹಾಕಿಸೋಣ ಎಂದೆ. ನಿನ್ನ ಮುಖ ಬಿಳುಚಿಕೊಂಡಿತು. ಬೇಡ ಬಿಡು ಎಂದೆಯೇ ಹೊರತು ಏಕೆಂದು ಹೇಳಲಿಲ್ಲ.

"ಕುಂಟಿ ಜೊತೆ ಸ್ಟೇಜ್ ಹತ್ತೋಕೆ ನಾಚ್ಕೆ, ಅಲ್ವಾ?" ಎಂದೆ ನಾನು.

"ಹಾಗಲ್ಲ ಸುಕ್ಕು" ಎಂದು ಹೇಳಿ ನೀನು ಸುಮ್ಮನಾದೆ. ಆ ಮೌನವನ್ನೇ ನಾನು ಉತ್ತರ ಎಂದುಕೊಂಡೆ. ಮರುದಿನ ಬೇರೆ ಬೆಂಚಿಗೆ ಹೋಗಿ ಕೂತೆ. ನೀನು ಮೂರು ಸಲ ಮಾತಾಡಿಸಲು ಬಂದೆ. ನಾಲ್ಕು ವರ್ಷದ ಮೇಲೆ ನಿನ್ನ ಮದುವೆಯ ಕರೆಯೋಲೆ ಬಂದಾಗ ಅದನ್ನು ಹಳೇ ಪೇಪರಿನ ಕಟ್ಟಿನೊಳಗೆ ತುರುಕಿದೆ.

ನಿನ್ನೆ ಶನಿವಾರ ಪ್ಲೇಟು ತೆಗೆದುಕೊಂಡು ಶಿವಾಜಿನಗರಕ್ಕೆ ಹೋದೆ. ಅಹ್ಮದ್ ಪಾಷಾ ಅವರ ಗಡ್ಡವೆಲ್ಲ ಬೆಳ್ಳಗಾಗಿದೆ, ಅಂಗಡಿ ಮಾತ್ರ ಇನ್ನೂ ಇದೆ. ಒಂದು ಸಲ ಕೇಳಿ ಅಲ್ಲೇ ಕೊಟ್ಟುಬಿಡೋಣ ಎಂದಿದ್ದೆ. ಅವರು ಒರೆಸಿ ಮುಳ್ಳಿಟ್ಟರು. ಹಾಡು ಕುದುರೆಯಂತೆ ಓಡಿತು. ಹಾಡುತ್ತಿದ್ದವಳು ಹೆಂಗಸು! ಇದು ನಮ್ಮ ಹಾಡಲ್ಲ, ಪ್ಲೇಟು ಅದಲುಬದಲಾಗಿದೆ ಎಂದೆ. ಅವರು ಲೇಬಲ್ಲನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಇದೇ ಮೇಡಂ. ಇದು ನಿಮಿಷಕ್ಕೆ ನಲವತ್ತೈದು ಸುತ್ತಿನ ಸ್ಪೀಡಿಂದು. ನೀವು ಮೂವತ್ಮೂರಲ್ಲಿ ಇಟ್ಟು ಕೇಳಿರ್ತೀರಿ. ಅದರಲ್ಲಿ ಔರತ್ ದನಿನೂ ಗಂಡಸಿನ ಥರಾ ಕೇಳ್ತೈತೆ."

ಸ್ಪೀಡಿನ ಕಡ್ಡಿಯನ್ನು ಹಿಂದಕ್ಕೆ ಸರಿಸಿದರು. ನಮ್ಮ ಹಾಡು ಬಂತು. ಅವರು ಸ್ಟೂಲು ಎಳೆದುಕೊಟ್ಟು, ಏನೂ ಕೇಳದೆ, ಕೊನೆಯವರೆಗೂ ಹಾಡಲು ಬಿಟ್ಟರು.

ಮನೆಗೆ ಬರುವ ಬಸ್ಸಿನಲ್ಲಿ ಎಲ್ಲ ಅರ್ಥವಾಯಿತು. ನನ್ನ ಕಾಲಿಗೆ ತಕ್ಕಂತೆ ನೀನು ಹಾಡನ್ನೇ ನಿಧಾನ ಮಾಡಿದ್ದೆ. ಕಾಲೇಜಿನಲ್ಲಿ ಆ ಹಾಡು ಗೊತ್ತಿದ್ದವರು ಬೇಕಾದಷ್ಟು ಜನ. ಸರಿಯಾಗಿ ಹಾಕಿದ್ದರೆ ನಾನು ಬೀಳುತ್ತಿದ್ದೆ, ನಿಧಾನ ಹಾಕಿದ್ದರೆ ಎಲ್ಲರೂ ನಗುತ್ತಿದ್ದರು. ನಿಜ ಹೇಳಿದ್ದರೆ, ನಿನ್ನ ಕನಿಕರ ಯಾರಿಗೆ ಬೇಕು ಎಂದು ನಾನು ಆಗಲೂ ಎದ್ದು ಹೋಗುತ್ತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಿತ್ತು. ಅದಕ್ಕೇ ಸುಮ್ಮನೆ ಬೈಸಿಕೊಂಡೆ.

ತಪ್ಪಾಯಿತು ತನು. ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ. ಪ್ಲೇಟನ್ನು ಮನೆಗೇ ವಾಪಸು ತಂದಿದ್ದೇನೆ. ನಿನ್ನ ಮಗಳಿಗೆ ನಾಲ್ಕು ತುಂಬಿತೆಂದು ನಿಮ್ಮಮ್ಮ ಹೇಳಿದರು. ಅವಳಿಗೆ ನನ್ನ ಆಶೀರ್ವಾದ. ಅವಳಿಗೆ ನಿನ್ನಂಥ ಗೆಳತಿ ಸಿಗಲಿ, ನನ್ನಂಥ ಬುದ್ಧಿ ಬಾರದಿರಲಿ. ನಿಮ್ಮ ಯಜಮಾನರಿಗೆ ನಮಸ್ಕಾರ.

ನಿನ್ನ,
ಸುಕನ್ಯ

ತಾ.ಕ. ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ತೊಂಬತ್ತೆಂಟರಲ್ಲಿ ನೀನು ಹೆರಿಗೆಗೆ ತವರಿಗೆ ಬಂದಾಗ, ನಿನ್ನ ಮೊದಲ ಕೂಸು ಹನ್ನೊಂದನೇ ದಿನಕ್ಕೆ ಹೋಯಿತು. ಅದಾದ ವಾರಕ್ಕೆ ನೀನು, ಹೊಸಿಲು ದಾಟಬಾರದ ಬಾಣಂತಿ, ಒಬ್ಬಳೇ ನಡೆದು ನಮ್ಮ ಮನೆಗೆ ಬಂದೆ. "ಸುಕನ್ಯ ಹಲಸೂರಿಗೆ ಹೋಗವ್ಳಮ್ಮ, ಬರೋದು ಹೊತ್ತಾಯ್ತದೆ" ಎಂದು ನಮ್ಮಮ್ಮ ಹೇಳಿದಳು. ಹಾಗೆ ಹೇಳೆಂದು ಅವಳನ್ನು ಕಳಿಸಿದ್ದು ನಾನು. ಕಾಯ್ತೀನಿ ಎಂದು ನೀನು ಜಗಲಿಯ ಮೇಲೆ ಕೂತೆ. ನಿನಗಿನ್ನೂ ಹಾಲು ನಿಂತಿರಲಿಲ್ಲ. ರವಿಕೆ ಒದ್ದೆಯಾದಾಗಲೆಲ್ಲ ಸೆರಗು ಎಳೆದುಕೊಳ್ಳುತ್ತಿದ್ದೆ. ಕಿಟಕಿಯ ಸಂದಿಯಿಂದ ನಾನು ಅದನ್ನೆಲ್ಲ ನೋಡಿದೆ. ನೀನು ಎದ್ದು ಹೋಗುವವರೆಗೂ ಬಾಗಿಲು ತೆಗೆಯಲಿಲ್ಲ.